ಲೆಕ್ಕದ ಮೇಡಂ ನಡೆಸಿದ ದಾಸೋಹ

ಮೈಸೂರು ಲಕ್ಷ್ಮೀಪುರಂನ ಆ ಅನುದಾನಿತ ಪ್ರೌಢಶಾಲೆಯಲ್ಲಿ ಮಹದೇವಮ್ಮ ಮೇಡಂ ಮೆಟ್ಟಿಲು ಹತ್ತುವ ಸದ್ದಾದರೆ ಸಾಕು, ಮೂರು ತರಗತಿಗಳ ಗಲಾಟೆ ಒಟ್ಟಿಗೇ ಅಡಗುತ್ತಿತ್ತು. ಗಣಿತವೂ ಅವರದೇ, ವಿಜ್ಞಾನವೂ ಅವರದೇ. ಕುಳ್ಳಗಿನ ಆಳು, ಹಣೆಯಲ್ಲಿ ವಿಭೂತಿಯ ತೆಳು ಗೆರೆ, ಮೂಗಿನ ತುದಿಯಲ್ಲೇ ಕೋಪ. ಕೈಯಲ್ಲಿ ಸದಾ ಒಂದು ಮರದ ಅಡಿಪಟ್ಟಿ. ಅದರಿಂದ ಎಳೆದ ಗೆರೆಗಳೆಷ್ಟು, ಕಾಯಿಸಿದ ಅಂಗೈಗಳೆಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಒಂದು ಮಾತು ಹೇಳಲೇಬೇಕು, ಮೇಡಂಗೆ ಮಕ್ಕಳ ಮೇಲೆ ಸಿಟ್ಟಿರಲಿಲ್ಲ, ತಪ್ಪು ಲೆಕ್ಕದ ಮೇಲೆ ಸಿಟ್ಟು. ಈ ವ್ಯತ್ಯಾಸ ಅಂಗೈಗೆ ತಿಳಿಯುವುದಿಲ್ಲ ಎನ್ನುವುದು ಬೇರೆ ವಿಷಯ.

ಲೆಕ್ಕದ ಹುಚ್ಚು ಅವರಿಗೆ ಹತ್ತಿದ್ದು ಅಡುಗೆಮನೆಯಲ್ಲಿ. ತಂದೆ ಮರಿಯಯ್ಯ ಕಬಿನಿ ದಂಡೆಯ ಊರೊಂದರ ಮಠದಲ್ಲಿ ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಓಡಿ ಬಂದು, "ಅಯ್ನೋರೇ, ಜನ ಬಂದವ್ರೆ" ಅನ್ನುವರು. ಮರಿಯಯ್ಯ ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ಜನ?" ಯಾರು, ಯಾವ ಊರಿನವರು, ಯಾಕೆ ಬಂದರು ಎಂದು ಅವರು ಯಾವತ್ತೂ ಕೇಳಿದವರಲ್ಲ. ಅಷ್ಟು ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಒಲೆಗೆ ಸೌದೆ ಎಷ್ಟು ಎಂದು ಪುಟ್ಟ ಮಹದೇವಮ್ಮ ಉಗ್ರಾಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುತ್ತಿದ್ದಳು. ಶಾಲೆಯಲ್ಲಿ ಮೇಷ್ಟರು ತ್ರೈರಾಶಿ ಶುರುಮಾಡುವ ಹೊತ್ತಿಗೆ ಅವಳಿಗೆ ಅದು ಹಳೇ ಪರಿಚಯ.

ಆಮೇಲೆ ಮೈಸೂರಿನಲ್ಲಿ ಬಿ.ಎಸ್ಸಿ., ಬಿ.ಎಡ್., ಕೆಲಸ, ಮದುವೆ ಎಲ್ಲ ಒಂದರ ಹಿಂದೆ ಒಂದು ಆದವು. ಗಂಡ ಸಿದ್ದಲಿಂಗಸ್ವಾಮಿಯವರದು ಶಿವರಾಂಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ತಮಾಷೆಯ ಮನುಷ್ಯ. "ನಮ್ಮನೇಲಿ ಕಬ್ಬಿಣ ನಾನು ಮಾರ್ತೀನಿ, ಕಡಲೆ ಅವಳು ತಿನ್ನಿಸ್ತಾಳೆ" ಎಂದು ಹೆಂಡತಿಯ ಪಾಠದ ಬಗ್ಗೆ ಗಿರಾಕಿಗಳ ಹತ್ತಿರ ಹೇಳಿಕೊಂಡು ನಗುವರು.

ತೊಂಬತ್ತರ ದಶಕದ ಕೊನೆಗೆ ಶಾಲೆಗೆ ಹಳೇ ವಿದ್ಯಾರ್ಥಿಗಳು ಕಂಪ್ಯೂಟರುಗಳನ್ನು ಕೊಟ್ಟರು. ಅವುಗಳಿಗೆ ಒಂದು ಕೋಣೆಯಾಯಿತು, ಕೋಣೆಗೆ ಬೀಗವಾಯಿತು. ಆಯುಧಪೂಜೆಯ ದಿನ ಬೀಗ ತೆಗೆದು ಕುಂಕುಮ ಹಚ್ಚಿ ಮತ್ತೆ ಹಾಕುವರು. ಎರಡು ಸಾವಿರದ ಆರರ ಹೊತ್ತಿಗೆ ಬ್ರಾಡ್‌ಬ್ಯಾಂಡ್ ತಂತಿಯೂ ಬಂತು. ಅದೂ ಬೀಗದ ಒಳಗೇ ಉಳಿಯಿತು.

ಆ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದಾಗ ಮುಖ್ಯೋಪಾಧ್ಯಾಯರಾದ ಅನಂತಪದ್ಮನಾಭ ಅವರು ಮಹದೇವಮ್ಮನವರನ್ನು ಕರೆಸಿದರು. ಎದುರಿಗೆ ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳಿದ್ದವು. ಗಣಿತದಲ್ಲಿ ಒಂಬತ್ತು ಮಕ್ಕಳು ಫೇಲು.

"ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕು ಅಂತ ಆಡಳಿತ ಮಂಡಳಿ ಹೇಳಿದೆ, ಮಹದೇವಮ್ಮನವರೇ. ಈ ಒಂಬತ್ತು ಜನರನ್ನ ಹತ್ತಕ್ಕೆ ಹತ್ತಿಸಿದ್ರೆ ಅದಾಗಲ್ಲ. ಟಿ.ಸಿ. ಕೊಟ್ಟು ಕಳಿಸೋಣ."

ಇದೇನು ಹೊಸ ಪದ್ಧತಿಯಲ್ಲ. ಊರಿನ ಎಷ್ಟೋ ಶಾಲೆಗಳ ನೂರಕ್ಕೆ ನೂರರ ಹಿಂದೆ ಹೀಗೆ ಒಂಬತ್ತರಲ್ಲೇ ಗೇಟು ದಾಟಿಸಿದ ಮಕ್ಕಳಿರುತ್ತಾರೆ. ಹಾಗೆ ಹೋದವರು ಇನ್ನೊಂದು ಶಾಲೆ ಸೇರುವುದು ಅಷ್ಟರಲ್ಲೇ ಇದೆ. ಮಹದೇವಮ್ಮನವರಿಗೆ ಅದು ಗೊತ್ತಿತ್ತು. ಅವರ ಸಿಟ್ಟು ನೆತ್ತಿಗೇರಿತು.

"ಮಾರ್ಚ್ ಪರೀಕ್ಷೆವರೆಗೆ ಬಿಡಿ ಸಾರ್. ನಾನು ಸ್ಪೆಷಲ್ ಕ್ಲಾಸ್ ತಗೋತೀನಿ."

"ತಗೊಳಿ. ಮಾರ್ಚಲ್ಲಿ ಫೇಲಾದವರಿಗೆ ಟಿ.ಸಿ. ಖಂಡಿತ. ಆಗ ನೀವು ಅಡ್ಡ ಬರೋ ಹಾಗಿಲ್ಲ."

ಆ ಒಂಬತ್ತರಲ್ಲಿ ಎಂಟು ಮಂದಿ ತಪ್ಪು ತಪ್ಪಾದರೂ ಏನಾದರೊಂದು ಬರೆಯುವವರು. ಒಂಬತ್ತನೆಯವನು ರವಿಚಂದ್ರ. ಚಾಮುಂಡಿ ಬೆಟ್ಟದ ಮೇಲೆ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿದ್ದ ಪುಟ್ಟತಾಯಮ್ಮನ ಮಗ. ಹೆಸರು ಬರೆದು, ಕೆಳಗೆ ಗೆರೆ ಎಳೆದು, ಖಾಲಿ ಹಾಳೆ ಕೊಟ್ಟು ಹೋಗುವನು. ಬಾಯಿ ಬಿಟ್ಟವನಲ್ಲ. ತಪ್ಪು ಲೆಕ್ಕವನ್ನು ಮಹದೇವಮ್ಮ ತಿದ್ದಬಲ್ಲರು, ಖಾಲಿ ಹಾಳೆಯನ್ನು ಎಲ್ಲಿಂದ ತಿದ್ದುವುದು? ಅದೊಂದು ಅವರಿಗೆ ಬಿಡಿಸಲಾರದ ಒಗಟಾಗಿತ್ತು.

ಸ್ಪೆಷಲ್ ಕ್ಲಾಸಿನ ಮೊದಲ ವಾರ ಒಂಬತ್ತು ಜನ ಬಂದರು, ಎರಡನೇ ವಾರ ನಾಲ್ಕು, ಆಮೇಲೆ ಖಾಲಿ ಬೆಂಚು. ನಜರ್‌ಬಾದಿನ ಸೈಬರ್ ಕೆಫೆಯೊಂದರಲ್ಲಿ ಎಲ್ಲರೂ ಆಟಕ್ಕೆ ಬಿದ್ದಿದ್ದಾರೆ ಎಂಬ ಸುದ್ದಿ ಸಿಕ್ಕಿದ್ದೇ ತಡ, ಮೇಡಂ ಅಡಿಪಟ್ಟಿಯನ್ನು ವ್ಯಾನಿಟಿ ಬ್ಯಾಗಿಗೆ ಸಿಕ್ಕಿಸಿಕೊಂಡು ಆಟೋ ಹತ್ತಿದರು. ಕೆಫೆಯ ಅಮರೇಶ ಅವರ ಹಳೇ ಶಿಷ್ಯ. ಬಾಗಿಲಲ್ಲಿ ಮೇಡಂ ಕಂಡೊಡನೆ ಎದ್ದು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ. ಅವರು ತುಟಿಯ ಮೇಲೆ ಬೆರಳಿಟ್ಟು ಒಳಗೆ ಹೋದರು. ಒಂಬತ್ತು ಜನವೂ ಎರಡು ಕಂಪ್ಯೂಟರುಗಳ ಮುಂದೆ ಮುತ್ತಿಕೊಂಡಿದ್ದರು. ಬೆನ್ನ ಹಿಂದೆ ಬಂದು ನಿಂತವರ ಅರಿವೇ ಅವರಿಗಿರಲಿಲ್ಲ.

"ಒಂಬತ್ತು ಅಡ್ಡ, ಹನ್ನೆರಡು ಮೇಲಕ್ಕೆ. ಇಪ್ಪತ್ತೊಂದು ಮನೆ ದೂರ ಕಣೋ" ಎನ್ನುತ್ತಿದ್ದಳು ಗಗನ, ಅವರಲ್ಲೆಲ್ಲ ಬಾಯಿ ಜೋರಿನ ಹುಡುಗಿ. "ಗಂಟೆಗೆ ಹದಿನೈದು ಮನೆ ಓಡೋ ಕುದುರೆ ಎಲ್ಲಿ ಮುಟ್ತವೆ? ಅದನ್ನ ದೋಚೋಕೆ ಹೊರಟೋನು ಒಂದೂಕಾಲು ಗಂಟೇಲಿ ಬಂದ್ಬುಡ್ತಾನೆ. ಊರು ಹೋದಂಗೇ."

ಮಹದೇವಮ್ಮ ಬೈಯಲೆಂದು ತೆರೆದ ಬಾಯಿ ಹಾಗೇ ನಿಂತಿತು. ಪರದೆಯ ಮೇಲೆ ಇದ್ದದ್ದು ಗ್ರಾಫ್ ಹಾಳೆ. ಅಡ್ಡಗೆರೆ, ಉದ್ದಗೆರೆ, ಚೌಕಾಬಾರದ ಮನೆಗಳಂತೆ ಸಾಲುಸಾಲು ಚೌಕಗಳು. ಕೆಲವು ಮನೆಗಳಲ್ಲಿ ಒಂದೊಂದು ಪುಟ್ಟ ಊರು, ಪ್ರತಿ ಊರಿಗೂ ಎರಡು ಸಂಖ್ಯೆ. ಇಪ್ಪತ್ತೈದು ವರ್ಷ ಅವರು ಕಪ್ಪುಹಲಗೆಯ ಮೇಲೆ ಇಂಥದೇ ಚೌಕಗಳಲ್ಲಿ ಚುಕ್ಕಿ ಇಟ್ಟಿದ್ದರು. ಆ ಚುಕ್ಕಿಗಳು ಇಟ್ಟ ಕಡೆ ಸತ್ತಂತೆ ಬಿದ್ದಿರುತ್ತಿದ್ದವು. ಇಲ್ಲಿ ಚುಕ್ಕಿಯೊಳಗೆ ಊರಿತ್ತು, ಊರಿನಲ್ಲಿ ಬೆಳೆಯಿತ್ತು, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಕುದುರೆ ಓಡುತ್ತಿತ್ತು. ಆದರೂ ಬಾಯಿಂದ ಬಂದದ್ದು ಹಳೇ ಸಿಟ್ಟೇ.

"ಕುದುರೆ ಏನು ಸಿಟಿ ಬಸ್ಸೇನೇ, ಅಡ್ಡ ಹೋಗಿ ಆಮೇಲೆ ಮೇಲಕ್ಕೆ ತಿರುಗೋದಕ್ಕೆ? ನೆಟ್ಟಗೆ ಓಡಲ್ವಾ?"

ಎಂಟು ಮಕ್ಕಳು ಥಟ್ಟನೆ ಎದ್ದು ನಿಂತರು. ಕೊನೆಗೆ ಮಾತಾಡಿದವನು ಯಾವತ್ತೂ ಮಾತಾಡದ ರವಿಚಂದ್ರ. ಪರದೆಯಿಂದ ಕಣ್ಣು ಕೀಳದೆ, ತನಗೆ ತಾನೇ ಹೇಳಿಕೊಂಡಂತೆ ಹೇಳಿದ.

"ಬೆಟ್ಟದ ಮ್ಯಾಲಿಂದ ನೋಡಿದ್ರೆ ನಮ್ಮ ಸ್ಕೂಲು ಇಲ್ಲೇ ಐತೆ ಮೇಡಂ. ಬಸ್ಸಲ್ಲಿ ಸುತ್ಕೊಂಡು ಬಂದ್ರೇನೇ ದೂರ."

ಮೇಡಂ ಬ್ಯಾಗಿನಿಂದ ಅಡಿಪಟ್ಟಿ ತೆಗೆದರು. ಒಂಬತ್ತು ಅಂಗೈಗಳು ತಾವಾಗಿಯೇ ಮುದುಡಿಕೊಂಡವು. ಅವರು ಅದನ್ನು ಪರದೆಯ ಮೇಲೆ ಒಂದು ಊರಿಂದ ಇನ್ನೊಂದು ಊರಿಗೆ ಓರೆಯಾಗಿ ಇಟ್ಟು, "ಇದು ಕುದುರೆ ಓಡೋ ದಾರಿ. ಒಂಬತ್ತರ ವರ್ಗ, ಹನ್ನೆರಡರ ವರ್ಗ, ಕೂಡಿ. ವರ್ಗಮೂಲ ತೆಗೀರಿ" ಎಂದರು. ಅಮರೇಶ ಸದ್ದಿಲ್ಲದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಉತ್ತರ ಹದಿನೈದು ಬಂತು. ಹದಿನೈದು ಮನೆಯೆಂದರೆ ಒಂದೇ ಗಂಟೆಯ ದಾರಿ. ಕುದುರೆ ಹೊರಟವು. ಮಕ್ಕಳಿಗೆ ಏಟು ಕೊಡಲು ಬಂದ ಮೇಡಂ ಆ ಒಂದು ಗಂಟೆ ಕುರ್ಚಿಯಿಂದ ಏಳಲಿಲ್ಲ. ಶತ್ರುವಿಗಿಂತ ಮುಂಚೆ ಕುದುರೆ ಊರು ಸೇರಿದಾಗ ಒಂಬತ್ತು ಮಕ್ಕಳು ತಿರುಗಿ ನೋಡಿದ್ದು ಪರದೆಯನ್ನಲ್ಲ, ಅವರ ಮುಖವನ್ನು.

ಅದು ಇಂಟರ್‌ನೆಟ್ಟಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಆಟ. ಮಕ್ಕಳು ಅದನ್ನು ಊರಾಟ ಎನ್ನುತ್ತಿದ್ದರು. ಪ್ರಪಂಚದ ಯಾವ ಮೂಲೆಯವರಾದರೂ ಸೇರಬಹುದು, ಸೇರಿದವರಿಗೆಲ್ಲ ಒಂದೊಂದು ಊರು. ಧಾನ್ಯ ಬೆಳೆಯಬೇಕು, ದಂಡು ಕಟ್ಟಬೇಕು, ಇನ್ನೊಬ್ಬರ ಊರು ಕೊಳ್ಳೆ ಹೊಡೆಯಬೇಕು. ದಂಡು ಎಲ್ಲೇ ಇರಲಿ, ಉಣ್ಣುವುದು ತನ್ನೂರ ಕಣಜದಿಂದ. ಕಣಜ ಬರಿದಾದರೆ ಸೈನಿಕರು ಒಬ್ಬೊಬ್ಬರಾಗಿ ಹಸಿವಿನಿಂದ ಸಾಯುತ್ತಾರೆ. ನೀವು ಕಂಪ್ಯೂಟರ್ ಮುಚ್ಚಿ ಮಲಗಿದರೂ ಆ ಸೀಮೆಯಲ್ಲಿ ಗಾಡಿ ಉರುಳುತ್ತಲೇ ಇರುತ್ತದೆ.

ಮಾರನೇ ದಿನವೇ ಮಹದೇವಮ್ಮ ಕಂಪ್ಯೂಟರ್ ಕೋಣೆಯ ಬೀಗದಕೈ ಕೇಳಿದರು. ಅನಂತಪದ್ಮನಾಭ ಅವರು ಇತಿಹಾಸದ ಮೇಷ್ಟರು. ದಂಡು, ಕೊಳ್ಳೆ ಎಂಬ ಮಾತುಗಳು ಅವರಿಗೂ ಪರಿಚಯವೇ, ಆದರೆ ಲೆಕ್ಕದ ಮೇಡಂ ಬಾಯಲ್ಲಿ ಕೇಳಿ ಬೆಪ್ಪಾದರು. "ಮಾರ್ಚ್‌ವರೆಗೆ" ಎಂದಷ್ಟೇ ಹೇಳಿ ಬೀಗದಕೈ ಕೊಟ್ಟರು. ಮನೆಯಲ್ಲಿ ಸಿದ್ದಲಿಂಗಸ್ವಾಮಿ, "ಏನಮ್ಮಾ, ದಂಡಯಾತ್ರೆ ಹೊರಟ ಹಾಗಿದೆ? ಕತ್ತಿಗಿತ್ತಿ ಬೇಕಾದ್ರೆ ಅಂಗಡೀಲಿ ಐತೆ" ಎಂದು ಕಾಲೆಳೆದರು. "ಸುಮ್ನಿರಿ, ನಿಮ್ಗೆಲ್ಲ ತಮಾಷೆ" ಎಂದರಾದರೂ ಮೇಡಂಗೆ ಒಳಗೊಳಗೇ ನಗು ಬಂತು.

ಒಂಬತ್ತು ಮಕ್ಕಳಿಗೆ ಒಂಬತ್ತು ಊರಾದವು. ಒಂದು ವಾರವೂ ಆಗಿರಲಿಲ್ಲ, ಎಲ್ಲಿಂದಲೋ ಒಂದು ಸಂದೇಶ ಬಂತು. ಗಗನ ತಡವರಿಸುತ್ತ ಇಂಗ್ಲಿಷು ಓದಿ ಹೇಳಿದಳು. ಯಾರೋ ಗುರುತಿಲ್ಲದವನು. ಅವನ ಕಣಜ ಬರಿದಾಗುತ್ತಿದೆಯಂತೆ, ದಂಡು ಸಾಯುತ್ತದಂತೆ, ಯಾರಾದರೂ ಧಾನ್ಯ ಕೊಡಿ ಎಂದು ಸುತ್ತಲಿನವರನ್ನೆಲ್ಲ ಕೇಳಿಕೊಂಡಿದ್ದ.

"ಯಾವನೋ ಏನೋ ಮೇಡಂ. ಕೊಟ್ರೆ ನಾಳೆ ನಮ್ಮ ಮೇಲೇ ಬರ್ತಾನೆ" ಎಂದಳು ಗಗನ. ಆಟದ ಮಟ್ಟಿಗೆ ಅದು ನೂರಕ್ಕೆ ನೂರು ನಿಜ.

ಮಹದೇವಮ್ಮನವರ ಬಾಯಿಂದ ಅವರಿಗೇ ಗೊತ್ತಿಲ್ಲದೆ ಒಂದು ಮಾತು ಹೊರಟಿತು: "ಎಷ್ಟು ಜನ ಇದ್ದಾರಂತೆ ಕೇಳು."

ಅಲ್ಲಿಂದ ಪಾಠದ ಧಾಟಿಯೇ ಬದಲಾಯಿತು. ಇಷ್ಟು ಜನ, ಗಂಟೆಗೆ ಇಷ್ಟು ಊಟ, ಕಣಜದಲ್ಲಿ ಉಳಿದದ್ದು ಇಷ್ಟು. ಎಷ್ಟು ಹೊತ್ತಿಗೆ ಬರಿದಾಗುತ್ತದೆ? ನಮ್ಮ ಗಾಡಿ ಅಷ್ಟರೊಳಗೆ ಮುಟ್ಟುತ್ತದೆಯೇ? ಅಜ್ಞಾತ ಪದವನ್ನು ಎಕ್ಸ್ ಎಂದುಕೊಳ್ಳಿ ಎಂದರೆ ಬಾಯಿ ಬಿಡುತ್ತಿದ್ದ ಮಕ್ಕಳು, ಆ ಎಕ್ಸಿನ ಆ ಕಡೆ ಯಾರೋ ಹಸಿದು ಕೂತಿದ್ದಾರೆ ಎಂದು ಗೊತ್ತಾದ ಮೇಲೆ ಅದನ್ನು ಹುಡುಕದೆ ಮನೆಗೆ ಹೋಗಲಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಮೇಡಂ ಹೇಳುವುದೇ ಬೇಡವಾಯಿತು. ಗಾಡಿ ಸರಿಯಾದ ಹೊತ್ತಿಗೆ ಮುಟ್ಟಿದರೆ ಸರಿ. ನಡುನಡುವೆ ಮೇಡಂ ಅಪ್ಪನ ಅಡುಗೆಮನೆಯ ಕತೆ ಹೇಳಿದರು. ತಮ್ಮ ತಂಡಕ್ಕೆ ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ದಾಸೋಹ ಎಂದು ಹೆಸರಿಟ್ಟರು. ಸಂಕ್ರಾಂತಿ ಹಬ್ಬದ ಹೊತ್ತಿಗೆ ಪೋಲೆಂಡಿನವನೊಬ್ಬ, ಬ್ರೆಜಿಲಿನವಳೊಬ್ಬಳು, ದೇಶವೇ ಗೊತ್ತಿಲ್ಲದ ಎಷ್ಟೋ ಜನ ಅವರಿಗೆ ಬರೆಯುತ್ತಿದ್ದರು. ಒಂದು ದಿನ ಗಗನ ಓದಿದಳು: "ಬೆಳಿಗ್ಗೆ ದಾಸೋಹ ಬಂತು. ಬದುಕಿದೆವು."

ಮಹದೇವಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅಪ್ಪನ ಅಡುಗೆಮನೆಯ ಮಾತು ಯಾವ ದೇಶದ ಯಾರ ಬಾಯಲ್ಲೋ ಹೋಗಿ ಕೂತಿತ್ತು. ಇದನ್ನು ಯಾರಿಗೆ ಹೇಳುವುದು, ಹೇಳಿದರೆ ಯಾರು ನಂಬುತ್ತಾರೆ ಎಂದು ಅವರಿಗೆ ತೋಚಲಿಲ್ಲ.

ರವಿಚಂದ್ರ ಈಗ ಹಲಗೆಯ ಮೇಲೆ ಬರೆಯುತ್ತಿದ್ದ. ಕಾಗದದ ಮೇಲೆ ಮಾತ್ರ ಒಂದಕ್ಷರವಿಲ್ಲ. ಯಾಕೋ ಎಂದು ಮೇಡಂ ಒಂದು ಸಂಜೆ ಮೆಲ್ಲಗೆ ಕೇಳಿದರು. ಅವನು ನೆಲ ನೋಡಿಕೊಂಡು, "ತಪ್ಪು ಬರುದ್ರೆ ಹೊಡೀತೀರ ಮೇಡಂ. ಏನೂ ಬರೀದಿದ್ರೆ ಬರೀ ಬೈತೀರ" ಎಂದ. ಲೆಕ್ಕ ಹಾಕಿಯೇ ಆಡಿದ ಮಾತು. ಆವತ್ತಿನಿಂದ ಅಡಿಪಟ್ಟಿ ಗೆರೆ ಎಳೆಯುವ ಕೆಲಸವೊಂದನ್ನೇ ಮಾಡಿತು.

ಫೆಬ್ರವರಿಯ ಕೊನೆಯಲ್ಲಿ, ಪರೀಕ್ಷೆಗೆ ಇನ್ನೇನು ತಿಂಗಳಿದೆ ಎನ್ನುವಾಗ, ಆ ಸೀಮೆಯಲ್ಲೇ ದೊಡ್ಡ ದಂಡಿದ್ದ ಒಬ್ಬ ಆಟಗಾರ ದಾಸೋಹದ ಮೇಲೆ ಏರಿಬಂದ. ಅವನ ಊರಿನ ಗುರುತು ಕರಡಿ. ಮಕ್ಕಳು ಅವನನ್ನು ಕರಡಿಯೆಂದೇ ಕರೆದರು. ಇಷ್ಟೊಂದು ಧಾನ್ಯ, ಕಾಯಲು ಹಿಡಿಯಷ್ಟು ಕಾಲಾಳು. ಅವನ ಬಾಯಲ್ಲಿ ನೀರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಶುಕ್ರವಾರ ಸಂಜೆ ಹೊರಟ ದಂಡು ಶನಿವಾರ ಮಧ್ಯಾಹ್ನ ಮೂರಕ್ಕೆ ಗಗನಳ ಊರು ಮುಟ್ಟುವುದಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಎಲ್ಲರೂ ಕಂಪ್ಯೂಟರ್ ಕೋಣೆಗೆ ಬಂದರು. ರವಿಚಂದ್ರ ಕರಡಿಯ ಊರಿಗೆ ಬೇಹಿನವರನ್ನು ಕಳಿಸಿದ್ದ. ಅವರು ತಂದ ಸುದ್ದಿಯನ್ನು ಹಲಗೆಯ ಮೇಲೆ ಬರೆದ. ಕಣಜದಲ್ಲಿ ಉಳಿದದ್ದು ಹತ್ತು ಸಾವಿರ ಮೂಟೆ. ಬೆಳೆದದ್ದನ್ನು ಕಳೆದು, ದಂಡಿನ ಊಟಕ್ಕೆ ಗಂಟೆಗೆ ಆರು ಸಾವಿರ ಮೂಟೆ ಖರ್ಚು. ಆಗ ಹನ್ನೆರಡೂ ಇಪ್ಪತ್ತು. ಒಂದು ಗೆರೆ ಎಳೆದು, ಕೆಳಗೆ ಎರಡು ಗಂಟೆ ಎಂದು ಬರೆದ.

"ಎರಡು ಗಂಟೆಗೆ ಅವನ ಕಣಜ ಬರಿದಾಯ್ತದೆ ಮೇಡಂ. ನಮ್ಮೂರಿಗೆ ಬರೋದ್ರೊಳಗೆ ಅವನ ದಂಡು ದಾರೀಲೇ ಸಾಯ್ತದೆ."

ಕೋಣೆಯಲ್ಲಿ ಹಬ್ಬವಾಯಿತು. ಕುಣಿದರು, ಬೆಂಚು ಬಡಿದರು. ಮೇಡಂ ಕೂಡ ನಕ್ಕರು. ಲೆಕ್ಕ ಸರಿಯಾಗಿತ್ತು, ಖುಷಿಯಾಗದೇ ಇರುತ್ತದೆಯೇ? ಗದ್ದಲ ಸ್ವಲ್ಪ ಇಳಿದಾಗ ಗಗನ ಕೇಳಿದಳು.

"ಮೇಡಂ, ಅವ್ನಿಗೂ ಕಳಿಸ್ಬೇಕಲ್ವಾ?"

"ಅವನು ಕೇಳಿಲ್ವಲ್ಲೇ" ಎಂದರು ಮೇಡಂ.

"ಕೇಳಿದೋರಿಗೆ ಮಾತ್ರಾನಾ ನಿಮ್ಮಪ್ಪ ಬಡಿಸ್ತಿದ್ದಿದ್ದು?"

ಕೊಳ್ಳೆ ಹೊಡೆಯಲು ಬರುವವನ ಮನೆಗೆ ಊಟ ಕಳಿಸುವ ಪೆದ್ದರು ಆ ಸೀಮೆಯಲ್ಲಿ ಇನ್ನೊಬ್ಬರಿರಲಾರರು. ಆದರೆ ಆ ಪೆದ್ದುತನವನ್ನು ಮಹದೇವಮ್ಮನವರೇ ಕಲಿಸಿದ್ದರು. ಅವರು ಹಲಗೆಯ ಕಡೆ ಕೈ ತೋರಿಸಿದರು.

ಒಂಬತ್ತು ಊರುಗಳಲ್ಲಿ ಎಂಟು ದೂರದವು. ಅವುಗಳ ಗಾಡಿ ಎರಡು ಗಂಟೆಯ ಮೇಲೆಯೇ ಮುಟ್ಟುವುದು. ರವಿಚಂದ್ರನ ಊರೊಂದೇ ಹತ್ತಿರ. ಇಪ್ಪತ್ತು ಮನೆ ಅಡ್ಡ, ಇಪ್ಪತ್ತೊಂದು ಮನೆ ಮೇಲಕ್ಕೆ. ಅವನ ಗಾಡಿ ಮೊದಲು ಮುಟ್ಟಿ ದಂಡಿನ ಜೀವ ಹಿಡಿದಿಟ್ಟರೆ, ಉಳಿದ ಗಾಡಿಗಳು ಒಂದರ ಹಿಂದೆ ಒಂದು ಬಂದು ಆದುಕೊಳ್ಳುತ್ತವೆ. ರವಿಚಂದ್ರ ಎರಡೂ ವರ್ಗಗಳನ್ನು ಕೂಡಿದ. ಎಂಟುನೂರ ನಲವತ್ತೊಂದು. ಪಕ್ಕದಲ್ಲಿ ಒಂದೆರಡು ಗುಣಾಕಾರ ಗೀಚಿದ. ಆಮೇಲೆ ಇಪ್ಪತ್ತೊಂಬತ್ತು ಎಂದು ಬರೆದ.

"ಗಂಟೆಗೆ ಇಪ್ಪತ್ತು ಮನೆ ಹೋಗೋ ಗಾಡಿ. ಒಂದು ಗಂಟೆ ಇಪ್ಪತ್ತೇಳು ನಿಮಿಷದ ದಾರಿ. ಈಗ ಹನ್ನೆರಡೂವರೆ. ಮೂರು ನಿಮಿಷ ಮುಂಚೆ ಮುಟ್ತದೆ ಮೇಡಂ."

ಒಂಬತ್ತು ಕಣಜಗಳನ್ನೂ ಗುಡಿಸಿ ಗಾಡಿಗೆ ಹೇರಿದರು. ಗಾಡಿಗಳು ಹೊರಟವು. ಮರುಕ್ಷಣವೇ ಎಲ್ಲ ಪರದೆಗಳೂ ಕಪ್ಪಾದವು. ಕರೆಂಟು ಹೋಗಿತ್ತು.

ಬೇಸಗೆ ಕಾಲಿಡುವ ಮುಂಚೆಯೇ ಲೋಡ್‌ಶೆಡ್ಡಿಂಗ್ ಕಾಲಿಟ್ಟಿತ್ತು. ಫ್ಯಾನು ನಿಂತು ಕೋಣೆ ಕಾಯತೊಡಗಿತು. ಯಾರೂ ಎದ್ದು ಹೋಗಲಿಲ್ಲ. ಅನಂತಪದ್ಮನಾಭ ಅವರು ಛತ್ರಿ ಹಿಡಿದು ಮನೆಗೆ ಹೊರಟವರು, ಕರೆಂಟಿಲ್ಲದ ಕಂಪ್ಯೂಟರ್ ಕೋಣೆಯಲ್ಲಿ ಮಾತು ಕೇಳಿ ಇಣುಕಿದರು. ಒಂಬತ್ತು ಮಕ್ಕಳೂ ಕಿಟಕಿಯ ಬೆಳಕಿನಲ್ಲಿ ಹಲಗೆಯ ಮುಂದೆ ಕೂತಿದ್ದರು. ಹಲಗೆಯ ತುಂಬ ಚೌಕಗಳು. ರವಿಚಂದ್ರ ಆಗಾಗ ಗೋಡೆ ಗಡಿಯಾರ ನೋಡಿ ಸೀಮೆಸುಣ್ಣದ ಚುಕ್ಕಿಯೊಂದನ್ನು ಅಳಿಸಿ ಸ್ವಲ್ಪ ಮುಂದಕ್ಕೆ ಇಡುತ್ತಿದ್ದ.

"ಏನೋ ಅದು?" ಎಂದರು ಅನಂತಪದ್ಮನಾಭ.

"ನನ್ನ ಗಾಡಿ ಸಾರ್. ಈಗ ಇಲ್ಲೈತೆ."

"ಕಂಪ್ಯೂಟರೇ ಸತ್ತಿದೆಯಲ್ಲೋ. ನಿನಗೆ ಹೇಗೆ ಕಾಣಿಸ್ತು?"

ರವಿಚಂದ್ರ ಆ ಪ್ರಶ್ನೆ ಅರ್ಥವಾಗದವನಂತೆ ಅವರ ಮುಖ ನೋಡಿದ. "ಕಾಣ್ಬೇಕಾ ಸಾರ್? ಲೆಕ್ಕ ಐತಲ್ಲ."

ಮಹದೇವಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಕೆಳಗೆ ಆಟೋಗಳು, ತರಕಾರಿ ಗಾಡಿ, ದೂರದಲ್ಲಿ ಬಿಸಿಲಿನ ಬೆಟ್ಟ. ಎಲ್ಲ ಇದ್ದ ಹಾಗೇ ಇತ್ತು. ಗ್ರಹಣ ಯಾವತ್ತು, ಯಾವ ಘಳಿಗೆಯಲ್ಲಿ ಎಂದು ಮನೆಯೊಳಗೆ ಕೂತು ಹೇಳಿದವರೂ ಹೀಗೇ ಅಲ್ಲವೇ ಹೇಳಿದ್ದು ಎನ್ನಿಸಿತು ಅವರಿಗೆ. ಅದನ್ನು ಮಕ್ಕಳಿಗೆ ಎಷ್ಟು ವರ್ಷ ಬಾಯಲ್ಲಿ ಹೇಳಿದ್ದರೋ. ಖಾಲಿ ಹಾಳೆಯ ಹುಡುಗ ಅದನ್ನು ಮಾಡಿ ತೋರಿಸುತ್ತಿದ್ದ.

ಮುಖ್ಯೋಪಾಧ್ಯಾಯರು ಛತ್ರಿಯನ್ನು ಮೂಲೆಗೆ ಒರಗಿಸಿ ಬೆಂಚಿನ ತುದಿಯಲ್ಲಿ ಕೂತರು.

ಕರೆಂಟು ಬಂದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಕಂಪ್ಯೂಟರ್ ಗುರುಗುಟ್ಟಿ, ಆಕಳಿಸಿ, ಎದ್ದು ಪುಟ ತೆರೆಯುವಷ್ಟರಲ್ಲಿ ಇನ್ನೂ ಮೂರು ನಿಮಿಷ ಕಳೆದಿತ್ತು. ಹಲಗೆಯ ಮೇಲೆ ರವಿಚಂದ್ರ ಬರೆದಿದ್ದ: ಇನ್ನು ನಾಲ್ಕು ನಿಮಿಷ. ಪರದೆಯ ಮೇಲೆ ಗಾಡಿಯ ಮುಂದೆ ಕಂಡದ್ದೂ ನಾಲ್ಕು ನಿಮಿಷವೇ. ಅನಂತಪದ್ಮನಾಭ ಅವರು ಒಮ್ಮೆ ಹಲಗೆ ನೋಡಿದರು, ಒಮ್ಮೆ ಪರದೆ ನೋಡಿದರು, ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಾಲ್ಕು ನಿಮಿಷ ಕಳೆಯಿತು. ಗಾಡಿ ಮುಟ್ಟಿತು. ರವಿಚಂದ್ರ ಬೇಹಿನವರನ್ನು ಕೇಳಿದ. ಕರಡಿಯ ದಂಡಿನಲ್ಲಿ ಒಬ್ಬನೂ ಸತ್ತಿರಲಿಲ್ಲ.

ಎರಡು ಗಂಟೆ ದಾಟಿದ ಮೇಲೆ ಕರಡಿಯ ಸಂದೇಶ ಬಂತು. ಗಗನ ಓದಿ, ಕನ್ನಡದಲ್ಲಿ ಹೇಳಿದಳು: "ನಾನು ನಿಮ್ಮನ್ನು ದೋಚಲು ಬರುತ್ತಿದ್ದೇನೆ, ಗೊತ್ತಿಲ್ಲವೇ? ಇದನ್ನು ಯಾಕೆ ಕಳಿಸಿದಿರಿ?"

ಏನು ಬರೆಯುವುದು ಎಂದು ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ರವಿಚಂದ್ರನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡು, "ನಿಮ್ಮ ಲೆಕ್ಕ ತಪ್ಪೋಗಿತ್ತು, ಅದ್ಕೇ ಕಳಿಸಿದ್ವಿ ಅಂತ ಬರಿ" ಎಂದ.

ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಗಗನ ಇಂಗ್ಲಿಷಿಗೆ ತಿರುಗಿಸಿ ಕುಟ್ಟಿದಳು. ಅನಂತಪದ್ಮನಾಭ ಅವರು ಎದ್ದು ಹೋದರು. ಛತ್ರಿಯನ್ನು ಅಲ್ಲೇ ಮರೆತಿದ್ದರು. ಮೂರು ಗಂಟೆಗೆ ಕರಡಿಯ ದಂಡು ಗಗನಳ ಊರಿಗೆ ನುಗ್ಗಿ, ಗುಡಿಸಿಟ್ಟ ಕಣಜ ನೋಡಿ ಬರಿಗೈಲಿ ಹಿಂದಿರುಗಿತು. ದೋಚಬೇಕಾದದ್ದೆಲ್ಲ ಆಗಲೇ ಅವನ ಮನೆ ಸೇರಿತ್ತು. ಅವನು ಮತ್ತೆ ಆ ಕಡೆ ದಂಡು ಕಳಿಸಲಿಲ್ಲ.

ಮಾರ್ಚ್ ಪರೀಕ್ಷೆ ಆಟವಲ್ಲ. ಪ್ರಶ್ನೆಪತ್ರಿಕೆಯಲ್ಲಿ ಗಾಡಿಯಿಲ್ಲ, ಹಸಿದವರಿಲ್ಲ, ಬರೀ ಎಕ್ಸ್ ವೈ. ಆದರೂ ಎಂಟು ಮಕ್ಕಳು ಪಾಸಾದರು. ಗಗನಳಿಗೆ ಅರವತ್ತು ದಾಟಿತ್ತು. ರವಿಚಂದ್ರನ ಉತ್ತರಪತ್ರಿಕೆಯನ್ನು ಮಹದೇವಮ್ಮ ಕೊನೆಗೆ ತೆಗೆದರು. ಮೊದಲ ಪುಟ ತುಂಬಿತ್ತು. ಎರಡನೆಯದೂ, ಮೂರನೆಯದೂ ತುಂಬಿದ್ದವು. ಅಂಚಿನಲ್ಲೂ ಕಿರಿದಾಗಿ ಗುಣಾಕಾರ ಭಾಗಾಕಾರ. ತಪ್ಪುಗಳಿದ್ದವು, ಬೇಕಾದಷ್ಟಿದ್ದವು. ಹೊಡೆತಕ್ಕೆ ಹೆದರಿ ಒಂದಕ್ಷರ ಬರೆಯದಿದ್ದ ಹುಡುಗ ಇಷ್ಟು ತಪ್ಪುಗಳನ್ನು ಅವರನ್ನು ನಂಬಿ ಬರೆದಿದ್ದ. ಅವರು ಒಬ್ಬರೇ ಕೂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಒಂದಂಕವನ್ನೂ ದಾನ ಮಾಡದೆ, ಇದ್ದದ್ದು ಇದ್ದ ಹಾಗೆ ಕೂಡಿದರು. ಮೂವತ್ತೊಂದು. ಪಾಸಿಗೆ ಮೂವತ್ತೈದು ಬೇಕು.

ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಟಿ.ಸಿ. ಪುಸ್ತಕ ಸಿದ್ಧವಾಗಿತ್ತು. ಅಡ್ಡ ಬರುವುದಿಲ್ಲವೆಂದು ಒಪ್ಪಿಕೊಂಡಿದ್ದ ಮಹದೇವಮ್ಮ ಉತ್ತರಪತ್ರಿಕೆಯನ್ನು ಅವರ ಮುಂದಿಟ್ಟು ಸುಮ್ಮನೆ ನಿಂತರು. ಅನಂತಪದ್ಮನಾಭ ಅವರು ಒಂದೊಂದೇ ಪುಟ ತಿರುವಿದರು. ಇತಿಹಾಸದ ಮೇಷ್ಟರಿಗೆ ಆ ಲೆಕ್ಕಗಳು ಎಷ್ಟು ತಿಳಿದವೋ, ಕೊನೆಯ ಪುಟದವರೆಗೂ ನೋಡಿದರು.

"ಲೆಕ್ಕ ತಪ್ಪಿದೆ" ಎಂದರು.

"ಹೌದು ಸಾರ್."

ಅವರು ಟಿ.ಸಿ. ಪುಸ್ತಕವನ್ನು ತೆಗೆದು ಬೀರುವಿನಲ್ಲಿಟ್ಟರು. ಅದೇ ಬೀರುವಿನಿಂದ ಕಂಪ್ಯೂಟರ್ ಕೋಣೆಯ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. "ಜೂನಲ್ಲಿ ಅವನಿಗೆ ಮರುಪರೀಕ್ಷೆ ಇಡೋಣ. ಮಂಡಳಿಯವರಿಗೆ ನಾನು ಹೇಳ್ಕೋತೀನಿ. ರಜೇಲಿ ಒಬ್ಬನಿಗೋಸ್ಕರ ನೀವು ದಿನಾ ಬರಬೇಕಾಗತ್ತೆ."

"ಬರ್ತೀನಿ ಸಾರ್" ಎಂದರು ಮಹದೇವಮ್ಮ.

ಏಪ್ರಿಲ್ ರಜೆಯ ಮೊದಲ ಬೆಳಿಗ್ಗೆ ಅವರು ಬೀಗ ತೆಗೆಯಲು ಹೋದಾಗ ಜಗುಲಿಯ ಮೇಲೆ ರವಿಚಂದ್ರ ಕೂತಿದ್ದ. ಪಕ್ಕದಲ್ಲಿ ಗಗನ. ಅವಳ ಆಚೆ, ಪಾಸಾಗಿ ಪೀಡೆ ಕಳೆಯಿತೆಂದು ಹಾಯಾಗಿ ಮನೆಯಲ್ಲಿರಬೇಕಾಗಿದ್ದ ಉಳಿದ ಏಳು ಜನ. ಯಾರೂ ಅವರನ್ನು ಕರೆದಿರಲಿಲ್ಲ. ಅಷ್ಟರಲ್ಲಿ ಕಚೇರಿಯ ಕಡೆಯಿಂದ ಅನಂತಪದ್ಮನಾಭ ಅವರು ಕೂಗಿ ಕೇಳಿದರು.

"ಮಹದೇವಮ್ಮನವರೇ, ಎಷ್ಟು ಜನ?"

ಅಪ್ಪನ ಮಾತು. ಅದು ಅಪ್ಪನ ಮಾತೆಂದು ಆ ಮನುಷ್ಯನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಮಹದೇವಮ್ಮ ಬೀಗದಕೈ ಹಿಡಿದುಕೊಂಡೇ ಮಕ್ಕಳನ್ನು ಒಮ್ಮೆ ಎಣಿಸಿದರು.

"ಒಂಬತ್ತು ಸಾರ್" ಎಂದು ಕೂಗಿದರು. ಮತ್ತೆ ಗೇಟಿನ ಕಡೆ ನೋಡಿದರು. ಎಂಟನೇ ತರಗತಿಯಲ್ಲಿ ಸೊನ್ನೆ ತೆಗೆದಿದ್ದ ಇಬ್ಬರು ಹುಡುಗಿಯರು ಒಳಗೆ ಬರುವುದೋ ಬೇಡವೋ ಎಂದು ನಿಂತಿದ್ದರು.

"ಇನ್ನೂ ಬರ್ತಿದ್ದಾರೆ ಸಾರ್."